ಕೂಡಿಕೆ ಕತ್ತಿಯ ಪರವಾಗಿ

ಹಳೆಯ ಸಾಮಾನಿನ ವ್ಯಾಪಾರದಲ್ಲಿ ಇಂಗ್ಲಿಷರು ಬಳಸುವ ಒಂದು ಹೀಗಳಿಕೆಯ ಮಾತಿದೆ. ಕಪಾಟಿನ ಮೇಲಿನ ಅರ್ಧ ಒಂದು ಕಾಲದ್ದು, ಕೆಳಗಿನ ಅರ್ಧ ಇನ್ನೊಂದು ಕಾಲದ್ದು ಎಂದು ಗೊತ್ತಾದರೆ ತುಟಿ ಓರೆ ಮಾಡಿ 'ಮ್ಯಾರೇಜ್' ಎನ್ನುತ್ತಾರೆ. ಚಹಾದ ಪಾತ್ರೆಯ ಮೇಲೆ ಬೇರೆ ಪಾತ್ರೆಯ ಮುಚ್ಚಳ ಕೂತಿದ್ದರೆ ಅದೂ ಮ್ಯಾರೇಜ್. ಕತ್ತಿಯ ಅಲಗು ಒಂದು ಊರಿನದು, ಹಿಡಿ ಇನ್ನೊಂದು ಊರಿನದು ಎಂದಾದರೆ ಅದೂ ಮ್ಯಾರೇಜೇ. ಹಾಗೆಂದ ಕೂಡಲೇ ಬೆಲೆ ಅರ್ಧಕ್ಕಿಳಿಯುತ್ತದೆ, ಕೆಲವೊಮ್ಮೆ ಕಾಲಿಗೆ. ಮದುವೆಯಾದದ್ದೇ ಕುಂದು ಎನ್ನುವ ವ್ಯಾಪಾರ ಇದು!

ನಮ್ಮಲ್ಲಿ ಮದುವೆಗೆ ಇಷ್ಟು ಅವಮಾನವಿಲ್ಲ. ಆದರೆ ನಮ್ಮಲ್ಲೂ ಎರಡು ತಕ್ಕಡಿ ಇವೆ. ಧಾರೆ ಎರೆದು ಕೊಟ್ಟದ್ದು ಒಂದು, ಕೂಡಿಕೆ ಇನ್ನೊಂದು. ಉತ್ತರ ಕರ್ನಾಟಕದ ಕಡೆ ಇದಕ್ಕೇ ಉಡಿಕೆ ಎನ್ನುತ್ತಾರೆ. ಗಂಡ ಸತ್ತವಳೋ ಬಿಟ್ಟವಳೋ ಇನ್ನೊಬ್ಬನ ಜೊತೆ ಸಂಸಾರ ಹೂಡಿದರೆ, ಅವಳು ಹೊಲದ ಕೆಲಸಕ್ಕೆ ಬೇಕು, ಅಡಿಗೆಗೆ ಬೇಕು, ಮಕ್ಕಳನ್ನು ಸಾಕುವುದಕ್ಕೆ ಬೇಕು. ಆರತಿ ಎತ್ತುವ ಹೊತ್ತಿಗೆ ಮಾತ್ರ ಹಿಂದೆ ನಿಲ್ಲಬೇಕು. ಹಾಗಾಗಿ ಬೇರೆ ಬೇರೆ ಭಾಗಗಳನ್ನು ಸೇರಿಸಿ ಮಾಡಿದ ಯುರೋಪಿನ ಹಳೆಯ ಕತ್ತಿಗೆ ನಾನು ಕೂಡಿಕೆ ಕತ್ತಿ ಎಂದೇ ಹೆಸರಿಟ್ಟಿದ್ದೇನೆ. ಈ ಲೇಖನ ಅದರ ಪರವಾಗಿ ಹಾಕಿದ ವಕಾಲತ್ತು.

ಹೆಂಗಸಿಗೆ ಕತ್ತಿಯ ಉಸಾಬರಿ ಏಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಮಗಳ ಸಂಸಾರ ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಬಾಣಂತನಕ್ಕೆಂದು ಹೋದವಳು ಮೂರು ಸಲ ಹೋಗಿ ತಿಂಗಳುಗಟ್ಟಲೆ ಇದ್ದು ಬಂದೆ. ಹೊರಗೆ ಮಳೆ, ಒಳಗೆ ಮಗು ಮಲಗಿದ ಮೇಲೆ ಮೌನ. ಲೀಡ್ಸ್ ಪಟ್ಟಣದಲ್ಲಿ 1996ರಲ್ಲಿ ತೆರೆದ ರಾಯಲ್ ಆರ್ಮರೀಸ್ ಎಂಬ ದೊಡ್ಡ ಆಯುಧ ಸಂಗ್ರಹಾಲಯವಿದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಮೊದಲ ದಿನ ಹೋದದ್ದು ಚಳಿ ತಪ್ಪಿಸಿಕೊಳ್ಳಲು. ಎರಡನೆಯ ದಿನದಿಂದ ಕತ್ತಿ ನೋಡಲೆಂದೇ ಹೋದೆ. ಅಲಗು, ಹಿಡಿ, ಸಾಣೆ ಇವು ನಮಗೇನು ಹೊಸತೇ? ಈಳಿಗೆಮಣೆಯ ಮುಂದೆ ಕೂತು ಬೆಳೆದವರು ನಾವು. ಕುಡುಗೋಲಿನ ಹಿಡಿ ಸಡಿಲವಾದರೆ ಬಟ್ಟೆ ಸುತ್ತಿ ಬಿಗಿ ಮಾಡುವುದು ಯಾವ ಗಂಡಸೂ ನಮಗೆ ಕಲಿಸಿದ ವಿದ್ಯೆಯಲ್ಲ.

ಮೊದಲು ಒಂದು ಭ್ರಮೆಯನ್ನು ಬಿಡಿಸಬೇಕು. ಕತ್ತಿ ಎಂದರೆ ಒಬ್ಬ ಕಮ್ಮಾರ, ಒಂದು ಕುಲುಮೆ, ಅಲ್ಲಿಂದ ಹುಟ್ಟಿ ಬಂದ ಒಂದು ಶುದ್ಧ ವಸ್ತು ಎಂದು ಸಿನಿಮಾಗಳು ನಮಗೆ ತೋರಿಸಿವೆ. ಯುರೋಪಿನಲ್ಲಿ ಹಾಗಿರಲಿಲ್ಲ. ಜರ್ಮನಿಯ ಸೋಲಿಂಗೆನ್ ಎಂಬ ಊರನ್ನೇ ತೆಗೆದುಕೊಳ್ಳಿ. ಅಲ್ಲಿ 15ನೆಯ ಶತಮಾನದ ಹೊತ್ತಿಗೇ ಅಲಗು ಬಡಿಯುವವರು ಬೇರೆ, ಅದಕ್ಕೆ ಹದ ಕೊಟ್ಟು ಸಾಣೆ ಹಿಡಿಯುವವರು ಬೇರೆ, ಹಿಡಿ ಕೂರಿಸಿ ಸಿದ್ಧಗೊಳಿಸುವವರು ಬೇರೆ. ಒಂದೊಂದು ಕಸುಬಿಗೂ ತನ್ನದೇ ಸಂಘ, ತನ್ನದೇ ಕಟ್ಟಳೆ. ಅಲಗುಗಳು ಬರಿಯ ಅಲಗುಗಳಾಗಿಯೇ ಕಟ್ಟುಕಟ್ಟಾಗಿ ಯುರೋಪಿನ ಮೂಲೆಮೂಲೆಗೆ ಹೋಗುತ್ತಿದ್ದವು. ಹೋದ ಊರಿನಲ್ಲಿ ಅಲ್ಲಿಯ ರುಚಿಗೆ ತಕ್ಕ ಹಿಡಿ. ಅಂದರೆ ಕತ್ತಿ ಹುಟ್ಟುವಾಗಲೇ ಎರಡು ಊರಿನ ಸಂಬಂಧ.

ಸ್ಕಾಟ್ಲೆಂಡಿನವರು ಜಗತ್ತಿನಲ್ಲೇ ತಮ್ಮದೆಂದು ಎದೆ ತಟ್ಟಿ ಹೇಳುವ ಬುಟ್ಟಿಹಿಡಿಯ ಕತ್ತಿಯ ಕಥೆ ಇನ್ನೂ ಸ್ವಾರಸ್ಯದ್ದು. ಕೈಯನ್ನು ಪೂರ್ತಿ ಮುಚ್ಚುವ ಕಬ್ಬಿಣದ ಬುಟ್ಟಿಯಂಥ ಆ ಹಿಡಿಯನ್ನು ಗ್ಲಾಸ್ಗೋ ಮತ್ತು ಸ್ಟರ್ಲಿಂಗ್ ಊರುಗಳ ಕುಶಲಿಗಳು ಮಾಡುತ್ತಿದ್ದರು. ಸ್ಟರ್ಲಿಂಗಿನ ವಾಲ್ಟರ್ ಅಲನ್ ಎಂಬವನ ಹಿಡಿಗಳನ್ನು ಕಂಡರೆ ಒಡವೆ ಕಂಡ ಹಾಗಾಗುತ್ತದೆ. ಆದರೆ ಒಳಗಿನ ಅಲಗು? ಅದರ ಮೇಲೆ 'ಆಂಡ್ರಿಯಾ ಫೆರಾರಾ' ಎಂಬ ಹೆಸರು. ಆತ 16ನೆಯ ಶತಮಾನದಲ್ಲಿ ಇಟಲಿಯ ಬೆಲ್ಲೂನೋ ಊರಿನಲ್ಲಿದ್ದ ಕಮ್ಮಾರ. 17 ಮತ್ತು 18ನೆಯ ಶತಮಾನದ ಸ್ಕಾಟಿಷ್ ಕತ್ತಿಗಳ ಮೇಲೆ ಅವನ ಹೆಸರು ಬರೆದದ್ದು ಹೆಚ್ಚಾಗಿ ಸೋಲಿಂಗೆನ್ನಿನವರು, ಒಳ್ಳೆಯ ಸರಕಿಗೆ ಒಳ್ಳೆಯ ಹೆಸರಿರಲಿ ಎಂದು. ಇಟಲಿಯವನ ಹೆಸರು, ಜರ್ಮನಿಯ ಉಕ್ಕು, ಸ್ಕಾಟ್ಲೆಂಡಿನ ಹಿಡಿ. ಇದನ್ನು ಯಾವ ಸಂಗ್ರಾಹಕನೂ ಕೂಡಿಕೆ ಎಂದು ಜರೆಯುವುದಿಲ್ಲ. ಯಾಕೆಂದರೆ ಆ ಮೂರರ ಬೆಸುಗೆಗೆ ಒಂದು ಜನಾಂಗದ ಹೆಮ್ಮೆಯ ಮುದ್ರೆ ಬಿದ್ದಿದೆ.

ಇನ್ನೂ ದೊಡ್ಡವರ ಮನೆಯ ಕಥೆ ಬೇಕೇ? ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಫ್ರಾನ್ಸಿನ ರಾಜರ ಪಟ್ಟಾಭಿಷೇಕದ ಕತ್ತಿ ಇದೆ. 'ಜುವಾಯೂಸ್' ಎಂದು ಅದರ ಹೆಸರು. 814ರಲ್ಲಿ ತೀರಿಕೊಂಡ ಶಾರ್ಲಮೇನ್ ಚಕ್ರವರ್ತಿಯದೇ ಅದು ಎಂಬುದು ಐತಿಹ್ಯ. ಸಂಗ್ರಹಾಲಯದವರು ಹೇಳುವ ಲೆಕ್ಕ ಬೇರೆ. ಹಿಡಿಯ ತುದಿಯ ಗುಂಡು 10 ಅಥವಾ 11ನೆಯ ಶತಮಾನದ್ದು, ಅಡ್ಡಪಟ್ಟಿ 12ನೆಯದು, ಒರೆ 13ನೆಯದು. 1804ರಲ್ಲಿ ನೆಪೋಲಿಯನ್ನನ ಪಟ್ಟಾಭಿಷೇಕಕ್ಕೆಂದು ಹಿಡಿಯ ಮೇಲಿದ್ದ ಹಳೆಯ ರಾಜವಂಶದ ಲಿಲ್ಲಿ ಹೂವಿನ ಗುರುತುಗಳನ್ನು ಕಿತ್ತು ಹಾಕಿದರು. 1825ರಲ್ಲಿ ಹತ್ತನೆಯ ಚಾರ್ಲ್ಸ್ ಕೂಡ ಅದೇ ಕತ್ತಿಯನ್ನು ಹಿಡಿದ. ಇದಕ್ಕಿಂತ ದೊಡ್ಡ ಕೂಡಿಕೆ ಕತ್ತಿ ಯಾವುದು? ಆದರೆ ಅದು ರಾಷ್ಟ್ರದ ನಿಧಿ. ಬಡವನ ಮನೆಯ ಗೋಡೆಯ ಮೇಲಿದ್ದರೆ ಅದನ್ನೇ ತೂಕದ ಕಬ್ಬಿಣಕ್ಕೆ ಕೇಳುತ್ತಿದ್ದರು.

ನಮ್ಮ ನೆಲಕ್ಕೂ ಈ ಕಥೆ ತಾಗಿದೆ. ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ 1510ರಲ್ಲಿ ಗೋವೆಯನ್ನು ಕಿತ್ತುಕೊಂಡ ಪೋರ್ಚುಗೀಸರು ಯುರೋಪಿನ ಅಲಗುಗಳನ್ನೂ ಹಡಗಿನಲ್ಲಿ ತಂದರು. ದಖ್ಖನಿನ ಸರದಾರರು ಆ ನೀಳವಾದ ನೇರ ಅಲಗನ್ನು ಮೆಚ್ಚಿ, ಅದಕ್ಕೆ ನಮ್ಮ ಕಡೆಯ ಹಿಡಿ ಕೂರಿಸಿಕೊಂಡರು. ಆ ಕತ್ತಿಗೆ 'ಫಿರಂಗಿ' ಎಂದೇ ಹೆಸರಾಯಿತು. ನಾವು ಫಿರಂಗಿ ಎಂದರೆ ತೋಪು ಎಂದುಕೊಂಡಿದ್ದೇವೆ. ಪರಂಗಿ ಹಣ್ಣಿನಲ್ಲೂ ಅದೇ ಮಾತಿನ ನೆರಳಿದೆ. ಅಲಗು ಹೊರಗಿನದು, ಹಿಡಿ ಮನೆಯದು. ಯಾರೂ ಮುಚ್ಚಿಡಲಿಲ್ಲ, ಹೆಸರಿನಲ್ಲೇ ಹೇಳಿಕೊಂಡರು. ಕೂಡಿಕೆಯನ್ನು ಮರ್ಯಾದೆಯಿಂದ ಕರೆಯುವುದು ಎಂದರೆ ಇದು.

ಹಾಗಾದರೆ ಈ ತುಟಿ ಓರೆ ಮಾಡುವ ಚಾಳಿ ಎಲ್ಲಿಂದ ಬಂತು? ಅದಕ್ಕೂ ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹೊಸ ಸಿರಿವಂತರಿಗೆ ಹಳೆಯ ಕಾಲದ ಹುಚ್ಚು ಹಿಡಿಯಿತು. ವಾಲ್ಟರ್ ಸ್ಕಾಟನ ಕಾದಂಬರಿಗಳನ್ನು ಓದಿದವರಿಗೆಲ್ಲ ಮನೆಯ ಗೋಡೆಯ ಮೇಲೆ ಎರಡು ಕತ್ತಿ, ಒಂದು ಗುರಾಣಿ ಬೇಕಾಯಿತು. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಎಂಬಲ್ಲಿ ಶ್ರೀಮಂತರು ಉಕ್ಕಿನ ಕವಚ ತೊಟ್ಟು ಹಳೆಯ ಕಾಲದ ಕಾಳಗದ ಆಟ ಆಡಿದರು. ಜಡಿಮಳೆ ಬಂದು ಆಟ ಕೆಟ್ಟಿತು. ಅವರಿಗೆ ಕವಚ ಒದಗಿಸಿದ ಲಂಡನ್ನಿನ ಸ್ಯಾಮ್ಯುಯೆಲ್ ಪ್ರ್ಯಾಟ್ ನಕಲಿ ಆಯುಧಗಳನ್ನು ಅಸಲಿ ಎಂದು ಮಾರಿದವನೆಂದು ಮುಂದೆ ಹೆಸರಾದ. ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಸ್ಪಿಟ್ಜರ್ ಎಂಬ ದೊಡ್ಡ ವ್ಯಾಪಾರಿ 1890ರಲ್ಲಿ ತೀರಿಕೊಂಡ. ಅವನ ಸಂಗ್ರಹದ ಹಲವು ಒಡವೆ, ಪಾತ್ರೆಗಳಿಗೆ ಆಖೆನ್ ಊರಿನ ಅಕ್ಕಸಾಲಿ ರೈನ್‌ಹೋಲ್ಡ್ ವಾಸ್ಟರ್ಸ್ ಕೈಹಚ್ಚಿದ್ದನೆಂಬುದು, ಆ ಅಕ್ಕಸಾಲಿಯ ಸ್ವಂತ ನಕ್ಷೆಗಳನ್ನು 1970ರ ದಶಕದ ಕೊನೆಯಲ್ಲಿ ವಿದ್ವಾಂಸರು ಬಿಡಿಸಿ ನೋಡಿದಾಗ ಹೊರಬಿತ್ತು. ಕತ್ತಿಯ ವ್ಯಾಪಾರವೂ ಇದೇ ಗಾಳಿಯಲ್ಲಿ ಬೆಳೆಯಿತು. ಮುರಿದ ಹಿಡಿಯೊಂದು ಸಿಕ್ಕಿದರೆ ಅದಕ್ಕೊಂದು ಅಲಗು ಹುಡುಕು, ಗುಂಡು ಇಲ್ಲದಿದ್ದರೆ ಹೊಸದು ಎರಕ ಹೊಯ್ಯಿ, ಆಮ್ಲದಲ್ಲಿ ಅದ್ದಿ ತುಕ್ಕು ತರಿಸು, ಧಣಿಗೆ ಮಾರು.

ಇದು ಮೋಸ, ಸಂದೇಹವೇ ಬೇಡ. ಆದರೆ ಗಮನಿಸಿ, ಮೋಸವಿರುವುದು ಸೇರಿಸಿದ್ದರಲ್ಲಲ್ಲ, ಸೇರಿಸಿದ್ದನ್ನು ಬಚ್ಚಿಟ್ಟದ್ದರಲ್ಲಿ. ಕೂಡಿಕೆ ಕತ್ತಿಗಳಲ್ಲಿ ಮೂರು ಬಗೆ. ಹುಟ್ಟುವಾಗಲೇ ಎರಡು ಊರು ಸೇರಿದ್ದು ಒಂದು. ಬಾಳುತ್ತಿರುವಾಗ ಹಿಡಿ ಬದಲಾದದ್ದು ಇನ್ನೊಂದು: ಅಜ್ಜನ ಅಲಗಿಗೆ ಮೊಮ್ಮಗ ತನ್ನ ಕಾಲದ ಫ್ಯಾಷನ್ನಿನ ಹಿಡಿ ಹಾಕಿಸಿದ್ದು. ಮೂರನೆಯದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಿರಾಕಿಯ ಕಣ್ಣಿಗೆ ಮಣ್ಣೆರಚಲು ಸೇರಿಸಿದ್ದು. ಈ ಮೂರನ್ನೂ ಒಂದೇ ಮಾತಿನಲ್ಲಿ ಹೊಡೆದು ಹಾಕುವವರ ಮೇಲೆಯೇ ನನ್ನ ಜಗಳ.

ಗುರುತು ಹಿಡಿಯುವುದು ಹೇಗೆ ಎಂದು ಕೇಳುತ್ತೀರಿ. ಅದೇನು ಬ್ರಹ್ಮವಿದ್ಯೆಯಲ್ಲ. ಅಲಗಿನ ಬುಡ ಅಡ್ಡಪಟ್ಟಿಯ ಸೀಳಿನೊಳಗೆ ಹೋಗುವ ಕಡೆ ಮೊದಲು ನೋಡಬೇಕು. ಅಲ್ಲಿ ಸಂದು ಹೆಚ್ಚಿದ್ದು, ತಗಡಿನ ಚೂರು ಬೆಣೆ ಹೊಡೆದಿದ್ದರೆ, ಆ ಎರಡೂ ಒಂದಕ್ಕೊಂದು ಅಳತೆ ಕೊಟ್ಟು ಮಾಡಿಸಿದವಲ್ಲ. ಎರಡನೆಯದು ತುಕ್ಕಿನ ಜಾಡು. ಒಂದೇ ನದಿಯ ಕೆಸರಿನಲ್ಲೋ ಒಂದೇ ಅಟ್ಟದ ಧೂಳಿನಲ್ಲೋ ಮುನ್ನೂರು ವರ್ಷ ಮಲಗಿದ ಅಲಗೂ ಗುಂಡೂ ಒಂದೇ ಬಗೆಯಲ್ಲಿ ಸವೆದಿರಬೇಕು. ಒಂದರ ಮೈ ಸಿಡುಬಿನ ಕಲೆಯಂತೆ ಗುಳಿಬಿದ್ದಿದ್ದು, ಇನ್ನೊಂದು ನುಣುಪಾಗಿದ್ದರೆ ಪ್ರಶ್ನೆ ಕೇಳಬೇಕು. ಮೂರನೆಯದು ಅಲಗಿನ ಬಾಲ, ಎಂದರೆ ಹಿಡಿಯೊಳಗೆ ತೂರಿ ಗುಂಡಿನ ತಲೆಯಲ್ಲಿ ಹೊರಬರುವ ಕಿರಿದಾದ ಕಬ್ಬಿಣ. ಅದರ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಬಿಗಿ ಮಾಡಿರುತ್ತಾರೆ. ಅಲ್ಲಿ ಹೊಸ ಬಡಿತದ ಹೊಳಪು, ಅರದ ಗೆರೆ ಕಂಡರೆ ಯಾರೋ ಈಚೆಗೆ ಬಿಚ್ಚಿ ಹಾಕಿದ್ದಾರೆ. ಬಾಲ ಸಾಲದೆ ಇನ್ನೊಂದು ತುಂಡು ಬೆಸೆದಿದ್ದರಂತೂ ಕಥೆ ಅಲ್ಲೇ ಬರೆದಿದೆ.

ಕೈಯಲ್ಲಿ ಹಿಡಿದರೂ ತಿಳಿಯುತ್ತದೆ. ಗುಂಡು ಬರಿಯ ಅಲಂಕಾರವಲ್ಲ, ಅಲಗಿನ ಭಾರಕ್ಕೆ ಎದುರು ಭಾರ. ಜೋಡಿ ಸರಿಯಿಲ್ಲದಿದ್ದರೆ ಒಂದು ನೊಗಕ್ಕೆ ಎತ್ತನ್ನೂ ಎಮ್ಮೆಯನ್ನೂ ಕಟ್ಟಿದ ಹಾಗೆ ಕೈ ಎಳೆಯುತ್ತದೆ. ಲಂಡನ್ನಿನ ಬೆಳ್ಳಿ ಹಿಡಿಗಳ ಮೇಲೆ ವರ್ಷ ಸೂಚಿಸುವ ಅಕ್ಷರದ ಮುದ್ರೆ ಇರುತ್ತದೆ. ಅಲಗಿನ ಶೈಲಿ ಅದಕ್ಕೆ ಹೊಂದುತ್ತದೆಯೇ ನೋಡಬಹುದು. ಸೈನ್ಯದ ಕತ್ತಿಯಾದರೆ ಹಿಡಿಯ ಮೇಲಿನ ಅಂಕಿಯೂ ಒರೆಯ ಮೇಲಿನ ಅಂಕಿಯೂ ತಾಳೆಯಾಗಬೇಕು. ವಿಲ್ಕಿನ್ಸನ್ ಕಂಪನಿಯವರು 1854ರಿಂದ ತಮ್ಮ ಅಲಗುಗಳಿಗೆ ಅಂಕಿ ಹಾಕಿ ಪುಸ್ತಕದಲ್ಲಿ ಬರೆದಿಡುತ್ತ ಬಂದರು. ಅಲಗಿನ ಮೇಲಿನ ಗುರುತನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಪಸ್ಸಾವ್ ಊರಿನವರ ಓಡುವ ತೋಳದ ಗುರುತನ್ನು ಸೋಲಿಂಗೆನ್ನಿನವರೂ ಕೊರೆದರು, ಜಿನೋವಾದ ಹೆಸರಿನಲ್ಲಿ ನಡೆಯುವ ಅರೆಚಂದ್ರದ ಗುರುತನ್ನು ನಮ್ಮ ದೇಶದ ಕಮ್ಮಾರರೂ ಕೊರೆದರು.

ಇಷ್ಟೆಲ್ಲ ನೋಡಿದ ಮೇಲೂ ನಿಮಗೆ ತಿಳಿಯುವುದು 'ಇವು ಜೊತೆಗೆ ಹುಟ್ಟಿದವಲ್ಲ' ಎಂಬುದಷ್ಟೇ. 'ಯಾವಾಗ ಜೊತೆಯಾದವು' ಎಂಬ ಪ್ರಶ್ನೆ ಉಳಿಯುತ್ತದೆ. ಸಂದಿನಲ್ಲಿ ಗಟ್ಟಿಯಾಗಿ ಕೂತ ಹಳೆಯ ಎಣ್ಣೆ ಜಿಡ್ಡು, ಬೆಣೆಯ ಮೇಲೆ ಹಬ್ಬಿದ ತುಕ್ಕು, ಹಿಡಿಯ ಮೇಲಿನ ಕೈ ಸವೆತ ಅದಕ್ಕೆ ಉತ್ತರ ಹೇಳಬಲ್ಲವು. ಆದರೆ ಬೆಲೆ ಇಳಿಸುವ ಆತುರದಲ್ಲಿರುವವನು ಎರಡನೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಮಗಳ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರಿದ್ದರು. ಅವರ ಯಜಮಾನರು ಶಾಲಾ ಮಾಸ್ತರರು. ಜೀವಮಾನದಲ್ಲಿ ಹನ್ನೊಂದು ಕತ್ತಿ ಕೂಡಿಸಿದ್ದರು. ಸಂಬಳದಲ್ಲಿ ಉಳಿಸಿ ಕೊಂಡದ್ದರಿಂದ ಹೆಚ್ಚಿನವು ಕೂಡಿಕೆ ಕತ್ತಿಗಳೇ. ಅದು ಅವರಿಗೆ ಗೊತ್ತಿತ್ತು, ಒಂದೊಂದರ ವಿವರವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ನಲವತ್ತು ವರ್ಷ ಆ ಕತ್ತಿಗಳಿಗೆ ಎಣ್ಣೆ ಒರೆಸಿ ಕಾಪಾಡಿದವರು ಮಾತ್ರ ಈ ಅಜ್ಜಿ. ಮಾಸ್ತರರು ತೀರಿಕೊಂಡ ಎರಡನೆಯ ತಿಂಗಳಿಗೆ ಒಬ್ಬ ವ್ಯಾಪಾರಿ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಒಂದೊಂದೇ ಎತ್ತಿ ನೋಡಿ, 'ಎಲ್ಲ ಮ್ಯಾರೇಜ್ ಕಣಮ್ಮ' ಎಂಬ ಧಾಟಿಯಲ್ಲಿ ಮರುಕ ತೋರಿಸಿದ. ಅಜ್ಜಿ ನೋಟ್‌ಬುಕ್ ತಂದು ತೋರಿಸಿದರೆ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಹನ್ನೊಂದಕ್ಕೂ ಸೇರಿ ಒಂದು ಒಳ್ಳೆಯ ಸೋಫಾದ ಬೆಲೆ ಕೊಟ್ಟು ಹೊತ್ತುಕೊಂಡು ಹೋದ.

ಎಂಟು ತಿಂಗಳ ಮೇಲೆ ಒಂದು ಹರಾಜಿನ ಕ್ಯಾಟಲಾಗಿನಲ್ಲಿ ಅವುಗಳಲ್ಲೊಂದು ಕಾಣಿಸಿಕೊಂಡಿತು. ಅಡ್ಡಪಟ್ಟಿಯ ತುದಿಯ ತಗ್ಗು ಅದೇ, ಸಂದಿನ ಹಿತ್ತಾಳೆಯ ಬೆಣೆ ಅದೇ. ಬರಹದಲ್ಲಿ '17ನೆಯ ಶತಮಾನದ ಸೊಗಸಾದ ಕತ್ತಿ' ಎಂದಷ್ಟೇ ಇತ್ತು, ಮ್ಯಾರೇಜ್ ಎಂಬ ಮಾತಿನ ಸುಳಿವಿಲ್ಲ. ಇಂಥ ಕಡೆ ಸಭ್ಯ ಭಾಷೆಯಲ್ಲಿ 'ಅಸೋಸಿಯೇಟೆಡ್' ಎಂದಾದರೂ ಬರೆಯುವುದು ವಾಡಿಕೆ, ಅದೂ ಇರಲಿಲ್ಲ. ಕೇಳಿದ ಬೆಲೆ ಹನ್ನೊಂದಕ್ಕೂ ಕೊಟ್ಟದ್ದಕ್ಕಿಂತ ಹೆಚ್ಚು. ಅಜ್ಜಿ ಪತ್ರ ಬರೆದರು. 'ವಿವರಣೆ ನಮ್ಮ ಅಭಿಪ್ರಾಯ ಮಾತ್ರ' ಎಂದು ಎರಡು ಸಾಲಿನ ಉತ್ತರ ಬಂತು.

ಇದನ್ನು ಓದಿ ನಿಮಗೆ ಏನು ನೆನಪಾಗುತ್ತದೆ? ನನಗೆ ನೆನಪಾದದ್ದು ನಮ್ಮ ಪೇಟೆಯ ಚಿನ್ನದಂಗಡಿ. ಸರ ಕೊಳ್ಳುವಾಗ ಬೆಸುಗೆಯೂ ಚಿನ್ನದ ತೂಕದಲ್ಲೇ ತೂಗುತ್ತದೆ, ಮೇಲೆ ವೇಸ್ಟೇಜ್, ಮಜೂರಿ. ಅದೇ ಸರವನ್ನು ಮಗನ ಕಾಲೇಜು ಫೀಸಿಗೆಂದು ಮಾರಲು ಹೋದರೆ ಬೆಸುಗೆಗೆ ಇಷ್ಟು ಕಳೆ, ಸವಕಳಿಗೆ ಅಷ್ಟು ಕಳೆ. ಕೊಡುವಾಗಿನ ಸೇರು ಬೇರೆ, ಕೊಳ್ಳುವಾಗಿನ ಸೇರು ಬೇರೆ. ಶುದ್ಧ ಎಂಬ ಮಾತು ಎಲ್ಲೆಲ್ಲಿ ಬಲವಾಗಿ ಕೇಳಿಸುತ್ತದೋ ಅಲ್ಲೆಲ್ಲ ತಕ್ಕಡಿ ಯಾರ ಕೈಯಲ್ಲಿದೆ ಎಂದು ನೋಡಬೇಕು. ಆ ಅಜ್ಜಿಯ ಕತ್ತಿಗಳು ಅಶುದ್ಧವಾದದ್ದು ಅವರ ಮನೆಯ ನಡುಮನೆಯಲ್ಲಿ ಮಾತ್ರ. ಹರಾಜಿನ ಮೆಟ್ಟಿಲು ಹತ್ತಿದ ಕೂಡಲೇ ಪವಿತ್ರವಾದವು.

ಗಂಭೀರ ಸಂಗ್ರಾಹಕರ ವಾದವೊಂದಿದೆ. ಕೂಡಿಕೆ ಕತ್ತಿಗೆ ಮಣೆ ಹಾಕಿದರೆ ಚರಿತ್ರೆಯೇ ಕಲಬೆರಕೆಯಾಗುತ್ತದೆ, ಯಾವ ಕಾಲದ ಅಲಗಿಗೆ ಯಾವ ಹಿಡಿ ಇತ್ತೆಂದು ಮುಂದಿನವರಿಗೆ ತಪ್ಪು ತಿಳಿವಳಿಕೆ ಬರುತ್ತದೆ ಎನ್ನುತ್ತಾರೆ. ವಾದ ನ್ಯಾಯವಾದದ್ದು. ಆದರೆ ಅದಕ್ಕೆ ಔಷಧ ಹೇಳುವುದು, ಹೀಗಳೆಯುವುದಲ್ಲ. ಮಧ್ಯಯುಗದ ಕತ್ತಿಗಳ ವಿಷಯದಲ್ಲಿ ಎಲ್ಲರೂ ಆಧಾರವಾಗಿ ಹಿಡಿಯುವ ಎವರ್ಟ್ ಓಕ್‌ಶಾಟ್ ಎಂಬ ವಿದ್ವಾಂಸ 2002ರಲ್ಲಿ ತೀರಿಕೊಂಡರು. ಅವರು ಅಲಗುಗಳಿಗೆ ಒಂದು ಪಟ್ಟಿ, ಗುಂಡುಗಳಿಗೆ ಇನ್ನೊಂದು, ಅಡ್ಡಪಟ್ಟಿಗಳಿಗೆ ಮತ್ತೊಂದು ಎಂದು ಬೇರೆ ಬೇರೆಯಾಗಿಯೇ ವರ್ಗ ಮಾಡಿಟ್ಟರು. ನಾರ್ವೆಯ ಯಾನ್ ಪೀಟರ್ಸನ್ 1919ರಲ್ಲಿ ವೈಕಿಂಗರ ಕತ್ತಿಗಳನ್ನು ಮುಖ್ಯವಾಗಿ ಹಿಡಿಯ ಆಕಾರ ನೋಡಿ ವಿಂಗಡಿಸಿದರು. ಬಲ್ಲವರೇ ಭಾಗ ಭಾಗವಾಗಿ ನೋಡುವಾಗ, ಭಾಗಗಳಿವೆ ಎಂದು ಮೂಗು ಮುರಿಯುವುದು ಯಾವ ಪಾಂಡಿತ್ಯ?

ಇನ್ನು ಕೆಲವರು ಕೂಡಿಕೆ ಕತ್ತಿಯನ್ನು ಬಿಚ್ಚಿ, 'ಸರಿಯಾದ' ಹಿಡಿ ಹುಡುಕಿ ಹಾಕುತ್ತಾರೆ. ಇನ್ನೂರು ವರ್ಷ ಜೊತೆಗಿದ್ದವನ್ನು ಅಗಲಿಸಿ, ಎಂದೂ ಮುಖ ನೋಡದ ಎರಡನ್ನು ಸೇರಿಸಿ, ಇದೇ ಮೂಲರೂಪ ಎನ್ನುತ್ತಾರೆ. ಹಳೆಯ ಕೂಡಿಕೆಯನ್ನು ಅಳಿಸಿ ಹೊಸ ಸುಳ್ಳು ಹೂಡುವುದು ಇದು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಯನ್ನೂ ಸೆರಗಿನ ಎಳೆಯನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯೇ ಅದರ ಹೆಚ್ಚುಗಾರಿಕೆ. ಸೆರಗು ಬೇರೆಯದೆಂದು ಅದನ್ನು ಬಿಚ್ಚಿದವರನ್ನು ಜಾಣರೆನ್ನುತ್ತೇವೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ಕತ್ತಿ ಮಾರುವ ಪ್ರತಿ ಚೀಟಿಯ ಮೇಲೆ, ಸಂಗ್ರಹಾಲಯದ ಪ್ರತಿ ಫಲಕದ ಮೇಲೆ ಮೂರು ಸಾಲು ಇರಲಿ: ಅಲಗು ಯಾವ ಕಾಲದ್ದು, ಹಿಡಿ ಯಾವ ಕಾಲದ್ದು, ಎರಡೂ ಸೇರಿದ್ದು ಯಾವಾಗ. ಮೂರನೆಯದು ತಿಳಿಯದಿದ್ದರೆ ತಿಳಿಯದೆಂದೇ ಬರೆಯಲಿ. ಆಮೇಲೆ ಕೊಳ್ಳುವವರು ತಮ್ಮ ಮನಸ್ಸಿಗೆ ಬಂದ ಬೆಲೆ ಕಟ್ಟಿಕೊಳ್ಳಲಿ. ಕೊಳ್ಳುವ ಬಾಗಿಲಲ್ಲಿ ಆಡಿದ ಮಾತನ್ನೇ ಮಾರುವ ಬಾಗಿಲಲ್ಲೂ ಆಡಬೇಕೆಂಬ ನಿಯಮವೊಂದು ಸಾಕು, ಅರ್ಧ ಮೋಸ ನಿಲ್ಲುತ್ತದೆ.

ನಿಮಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಯುರೋಪಿನ ಕತ್ತಿ ಇರಲಿಕ್ಕಿಲ್ಲ. ಅಜ್ಜಿಯ ಕಾಲದ ತೊಟ್ಟಿಲು, ಹಿತ್ತಾಳೆಯ ದೀಪ, ಹಳೆಯ ಗಡಿಯಾರ, ಕೊಂಡಿ ಬದಲಿಸಿದ ಒಡವೆ ಇರುತ್ತವೆ. ಅವುಗಳ ಯಾವ ಭಾಗ ಯಾರ ಕಾಲದ್ದು, ಯಾರು ರಿಪೇರಿ ಮಾಡಿಸಿದರು ಎಂಬುದು ಹೆಚ್ಚಾಗಿ ಮನೆಯ ಹೆಂಗಸಿಗೇ ಗೊತ್ತು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಕೈಯಾರೆ, ನಿಮ್ಮ ಹೆಸರಿನಲ್ಲೇ ಬರೆದಿಡಿ. ಕೊಳ್ಳಲು ಬಂದವನು 'ಇದು ಜೋಡಿಸಿದ ಮಾಲು' ಎಂದರೆ, 'ಹೌದು, ನನಗೂ ಗೊತ್ತು. ನೀವು ಮಾರುವಾಗ ಬರೆಯುವ ಚೀಟಿಯನ್ನು ಈಗಲೇ ನನ್ನೆದುರು ಬರೆದು ಸಹಿ ಹಾಕಿ' ಎಂದು ಕೇಳಿ. ಅವನು ಸಹಿ ಹಾಕದಿದ್ದರೆ ಅಂದು ಯಾವುದನ್ನೂ ಮಾರಬೇಡಿ.